ಕ್ವಾರಿ ತುಂಬಿದ ನೆಲದ ಮೇಲೆ ರಸ್ತೆ: ಮೊದಲು ನೆಲದ ಲೆಕ್ಕ ಕೊಡಿ

ಬೆಂಗಳೂರಿನ ಸುತ್ತ ಹೊಸ ರಸ್ತೆಯ ಮಾತು ಬಂದಾಗ ಎರಡು ಸಲಹೆ ಕೇಳಿಬರುತ್ತವೆ. ಸರ್ಕಾರದ ಹತ್ತಿರ ದುಡ್ಡಿಲ್ಲ, ಖಾಸಗಿಯವರ ಜೊತೆ ಸೇರಿ ಪಿಪಿಪಿಯಲ್ಲಿ ಮಾಡೋಣ ಅನ್ನುವುದು ಒಂದು. ಕಲ್ಲು ತೆಗೆದು ಬಿಟ್ಟ ಕ್ವಾರಿಗಳು ಸುಮ್ನೆ ಬಿದ್ದಿವೆ, ಅವನ್ನು ತುಂಬಿಸಿ ಬಳಸೋಣ ಅನ್ನುವುದು ಇನ್ನೊಂದು. ಬೇರೆ ಬೇರೆಯಾಗಿ ನೋಡಿದರೆ ಎರಡಕ್ಕೂ ನನ್ನ ವಿರೋಧ ಇಲ್ಲ. ಎರಡೂ ಒಂದೇ ಯೋಜನೆಯಲ್ಲಿ ಸೇರಿದಾಗ ಮಾತ್ರ ನನಗೆ ಭಯ ಆಗುತ್ತದೆ. ನಾನು ಮಣ್ಣು ಪರೀಕ್ಷೆಯ ಕೆಲಸದಲ್ಲಿರುವವನು. ತುಂಬಿದ ನೆಲ ಹೇಗೆ ವರ್ತಿಸುತ್ತದೆ ಅಂತ ಹತ್ತಿರದಿಂದ ನೋಡಿದ್ದೇನೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕ್ವಾರಿ ಜಾಗದ ಮೇಲೆ ಕಣ್ಣು ಬೀಳುವುದಕ್ಕೆ ಕಾರಣ ಇದೆ. ತುಮಕೂರು ರಸ್ತೆಯಿಂದ ಹೊಸೂರು ರಸ್ತೆವರೆಗಿನ 73 ಕಿ.ಮೀ. ಪೆರಿಫೆರಲ್ ರಿಂಗ್ ರೋಡ್ ನೆನಪಿಸಿಕೊಳ್ಳಿ. 2007ರಲ್ಲಿ ಅಂತಿಮ ಅಧಿಸೂಚನೆ ಆಯಿತು. ಆಮೇಲೆ ಭೂಮಿಯ ಪರಿಹಾರದ ವಿಷಯದಲ್ಲೇ ವರ್ಷಗಟ್ಟಲೆ ಸಿಕ್ಕಿಬಿತ್ತು. ಆ ರೈತರ ಪಾಡು ಬೇರೆಯೇ ಕಥೆ. ಹೀಗಿರುವಾಗ ಕ್ವಾರಿ ಬಹಳ ಸುಲಭವಾಗಿ ಕಾಣುತ್ತದೆ. ಹೆಚ್ಚಿನವು ಗೋಮಾಳ, ಖರಾಬು ಜಾಗದಲ್ಲಿವೆ. ಪರಿಹಾರ ಕೊಡಬೇಕಾದ ರೈತ ಅಲ್ಲಿಲ್ಲ. ಕಡತದಲ್ಲಿ ಅದು ಖರ್ಚಿಲ್ಲದ ಭೂಮಿ. ಆದರೆ ಆ ಖರ್ಚು ಎಲ್ಲೂ ಹೋಗಿಲ್ಲ, ನೆಲದೊಳಗೆ ಇದೆ.

ನಮ್ಮ ಕಡೆಯ ಕ್ವಾರಿ ಅಂದರೆ ಗಟ್ಟಿ ಗ್ರಾನೈಟ್ ಬಂಡೆಯಲ್ಲಿ ಕಡಿದ ಗುಂಡಿ. ಗೋಡೆ ನೆಟ್ಟಗೆ, ಆಳ ಜಾಸ್ತಿ. ಜಲ್ಲಿ, ಸೈಜುಗಲ್ಲು, ಎಂ-ಸ್ಯಾಂಡ್ ಆಗಿ ಆ ಬಂಡೆ ನಗರದ ಕಟ್ಟಡಗಳೊಳಗೆ ಸೇರಿದೆ. ಖಾಲಿ ಗುಂಡಿಗೆ ಏನು ಬಿತ್ತು ಅನ್ನುವುದೇ ಈಗಿನ ಪ್ರಶ್ನೆ. ಕಟ್ಟಡ ಒಡೆದ ಡೆಬ್ರಿ, ಪಾಯ ತೆಗೆದ ಮಣ್ಣು, ಕೆಲವು ಕಡೆ ಊರಿನ ಕಸ. ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕ್ವಾರಿಗಳಿಗೆ ನಗರದ ಕಸ ಹೋಗಿದ್ದು ಎಲ್ಲರಿಗೂ ಗೊತ್ತು. ಟಿಪ್ಪರ್ ಬಂದು ಅಂಚಿನಲ್ಲಿ ನಿಂತು ಸುರಿದು ಹೋಗುತ್ತದೆ. ಕೆಳಗೆ ರೋಲರ್ ಓಡಿಸಿದವರಿಲ್ಲ, ಯಾವಾಗ ಏನು ಬಿತ್ತು ಅಂತ ಬರೆದಿಟ್ಟವರೂ ಇಲ್ಲ.

ರಸ್ತೆ ಮಾಡುವ ಕ್ರಮ ಹೀಗಲ್ಲ. ಮಣ್ಣನ್ನು ತೆಳು ಪದರವಾಗಿ ಹಾಕಿ, ಬೇಕಾದಷ್ಟೇ ನೀರು ಚಿಮುಕಿಸಿ, ರೋಲರ್ ಹೊಡೆದು, ಬಿಗಿತ ಪರೀಕ್ಷೆ ಮಾಡಿದ ಮೇಲೆ ಮುಂದಿನ ಪದರ ಹಾಕಬೇಕು. ಡಾಂಬರಿನ ಕೆಳಗಿನ ಕೊನೆಯ ಅರ್ಧ ಮೀಟರ್ ಮಣ್ಣು ಲ್ಯಾಬಿನಲ್ಲಿ ಸಿಕ್ಕ ಗರಿಷ್ಠ ಸಾಂದ್ರತೆಯ 97% ಆದರೂ ಮುಟ್ಟಬೇಕು ಅಂತ ಹೆದ್ದಾರಿ ನಿಯಮ ಇದೆ. ಈ ಅರ್ಧ ಮೀಟರನ್ನು ಎಲ್ಲರೂ ಪರೀಕ್ಷೆ ಮಾಡುತ್ತಾರೆ. ಅದರ ಕೆಳಗೆ ಹತ್ತಾರು ಮೀಟರ್ ಸಡಿಲ ಡೆಬ್ರಿ ಇದ್ದರೆ ಆ ಸರ್ಟಿಫಿಕೇಟಿನಿಂದ ಏನು ಪ್ರಯೋಜನ?

ನೆಲ ಕೊರೆದು ಪರೀಕ್ಷೆ ಮಾಡಿದ ಬೋರ್‌ಹೋಲ್ ರಿಪೋರ್ಟ್ ಇದೆಯಲ್ಲ ಅಂತ ಕೇಳಬಹುದು. ಡೆಬ್ರಿ ತುಂಬಿದ ಗುಂಡಿಯಲ್ಲಿ ಆ ಪರೀಕ್ಷೆ ಮೋಸ ಮಾಡುವ ಸಾಧ್ಯತೆ ಇದೆ. ಸುತ್ತಿಗೆಯ ಏಟಿಗೆ ಕೊಳವೆ ಎಷ್ಟು ಇಳಿಯುತ್ತದೆ ಅನ್ನುವುದರ ಮೇಲೆ ನೆಲದ ಗಟ್ಟಿತನ ಲೆಕ್ಕ ಹಾಕುತ್ತೇವೆ. ನಡುವೆ ಒಂದು ದಪ್ಪ ಕಲ್ಲೋ ಕಾಂಕ್ರೀಟ್ ತುಂಡೋ ಅಡ್ಡ ಬಂದರೆ ಕೊಳವೆ ಇಳಿಯುವುದೇ ಇಲ್ಲ. ಅಷ್ಟಕ್ಕೇ ನಿಲ್ಲಿಸಿಬಿಟ್ಟರೆ ‘ಬಂಡೆ ಸಿಕ್ಕಿತು’ ಅಂತ ಷರಾ ಬೀಳುತ್ತದೆ. ಕೆಳಗೆ ಟೊಳ್ಳೇ ಇರಬಹುದು. ಹಾಗಾಗಿ ಇಂಥ ಕಡೆ ಕಲ್ಲನ್ನು ಕೊರೆದು ಅದರ ಕೆಳಗೂ ನೋಡಬೇಕು. ಹೆಚ್ಚು ಕಡೆ ನೋಡಬೇಕು. ಇದಕ್ಕೆ ದುಡ್ಡೂ ಸಮಯವೂ ಬೇಕು.

ಎಲ್ಲಕ್ಕಿಂತ ಕೆಟ್ಟ ಜಾಗ ಗುಂಡಿಯ ಅಂಚು. ಅಲ್ಲಿವರೆಗೆ ಬಂಡೆಯ ಮೇಲಿದ್ದ ರಸ್ತೆ ಒಮ್ಮೆಲೇ ತುಂಬಿದ ಮಣ್ಣಿನ ಮೇಲೆ ಬರುತ್ತದೆ. ಬಂಡೆ ಅಲುಗಾಡುವುದಿಲ್ಲ, ಮಣ್ಣು ಕೂರುತ್ತದೆ. ಸರಿಯಾಗಿ ಆ ಗೆರೆಯಲ್ಲೇ ಬಿರುಕು ಬಿಟ್ಟು, ಅಲ್ಲಿಂದ ಮಳೆನೀರು ಒಳಗಿಳಿಯುತ್ತದೆ. ತುಂಬಿದ ನೆಲ ಮೊದಲ ಸಲ ನೆನೆದಾಗ ತಟ್ಟನೆ ಕುಸಿಯಬಹುದು. ಬ್ರಿಟನ್ನಿನ ನಾರ್ತಂಬರ್ಲೆಂಡಿನಲ್ಲಿ ಹಾರ್ಸ್ಲಿ ಅನ್ನುವ ತೆರೆದ ಕಲ್ಲಿದ್ದಲು ಗಣಿಯನ್ನು ತುಂಬಿದ ಮೇಲೆ, 1970ರ ದಶಕದಲ್ಲಿ ಇದನ್ನು ಅಳೆದು ದಾಖಲಿಸಿದ್ದಾರೆ. ಪಂಪ್ ನಿಲ್ಲಿಸಿದ ಮೇಲೆ ಅಂತರ್ಜಲ ಮೇಲೆ ಬಂತು, ನೆಲ ಕೆಳಗಿಳಿಯಿತು. ಇಲ್ಲೂ ಜಲ್ಲಿ ತೆಗೆಯುವಷ್ಟು ದಿನ ಪಂಪ್ ಹಾಕಿ ನೀರು ಹೊರಗೆ ಹಾಕುತ್ತಾರೆ, ಕ್ವಾರಿ ನಿಂತ ಮೇಲೆ ನೀರು ತುಂಬಿಕೊಳ್ಳುತ್ತದೆ, ಅಲ್ವಾ?

ಇದಕ್ಕೆ ದಾರಿ ಇಲ್ಲ ಅಂತಲ್ಲ. ಬಂಡೆಯ ಅಂಚನ್ನು ಮೆಟ್ಟಿಲಿನ ಹಾಗೆ ಕಡಿಯಬಹುದು. ಮಣ್ಣನ್ನು ಹಿಡಿದಿಡುವ ಬಲೆಯಂಥ ಜಿಯೋಗ್ರಿಡ್ ಹಾಸಬಹುದು. ರಸ್ತೆಯ ಭಾರಕ್ಕಿಂತ ಜಾಸ್ತಿ ಮಣ್ಣನ್ನು ಮೇಲೆ ಪೇರಿಸಿ ಮಳೆಗಾಲ ಕಳೆಯಲು ಬಿಟ್ಟು, ನೆಲ ಎಷ್ಟು ಕೂತಿತು ಅಂತ ಅಳೆಯಬಹುದು. ಕಸ ತುಂಬಿದ ಗುಂಡಿಯ ಮೇಲಂತೂ ರಸ್ತೆ ಬೇಡವೇ ಬೇಡ. ಕಸ ಕೊಳೆಯುತ್ತಲೇ ಇರುತ್ತದೆ, ಮೀಥೇನ್ ಬರುತ್ತದೆ, ಕೂರುವುದು ಎಂದು ನಿಲ್ಲುತ್ತದೆ ಅಂತ ಯಾರೂ ಬರೆದುಕೊಡಲಾರರು.

ಈಗ ಒಪ್ಪಂದದ ವಿಷಯ. ಪಿಪಿಪಿಯಲ್ಲಿ ರಿಸ್ಕ್ ಖಾಸಗಿಯವರದು ಅಂತ ನಾವು ನಂಬಿಕೊಂಡಿದ್ದೇವೆ. ಪೂರ್ತಿ ಹಾಗಿಲ್ಲ. 2016ರಲ್ಲಿ ಬಂದ ಹ್ಯಾಮ್ (ಹೈಬ್ರಿಡ್ ಆನ್ಯುಯಿಟಿ) ಮಾದರಿಯಲ್ಲಿ ಸರ್ಕಾರ 40% ಹಣವನ್ನು ಕೆಲಸ ನಡೆಯುವಾಗಲೇ ಕೊಡುತ್ತದೆ. ಉಳಿದದ್ದನ್ನು ಬಡ್ಡಿಯ ಜೊತೆ ಸುಮಾರು 15 ವರ್ಷ ಕಂತಿನಲ್ಲಿ ಕೊಡುತ್ತದೆ. ಟೋಲ್ ಮಾದರಿಯ ಹೆದ್ದಾರಿ ಒಪ್ಪಂದದಲ್ಲಿ ಇನ್ನೊಂದು ಷರತ್ತು ಇದೆ. ಕಂಪನಿಯ ತಪ್ಪಿನಿಂದಲೇ ಒಪ್ಪಂದ ಮುರಿದುಬಿದ್ದರೂ, ರಸ್ತೆ ಬಳಕೆಗೆ ಬಂದಿದ್ದರೆ ಬ್ಯಾಂಕಿನ ಬಾಕಿ ಸಾಲದ 90%ರಷ್ಟನ್ನು, ವಿಮೆಯಿಂದ ಬರುವ ಹಣ ಕಳೆದು, ಸರ್ಕಾರವೇ ತೀರಿಸಬೇಕು. ಸಾಲ ಹುಟ್ಟಬೇಕಾದರೆ ಈ ಷರತ್ತು ಬೇಕು, ಒಪ್ಪುತ್ತೇನೆ. ಆದರೆ ಗುಂಡಿಯ ಮೇಲಿನ ರಸ್ತೆಗೆ ಇದನ್ನು ಹೊಂದಿಸಿ ನೋಡಿ. ಎಂಟೋ ಹತ್ತೋ ವರ್ಷಕ್ಕೆ ನೆಲ ಕುಸಿಯಿತು, ಕಂಪನಿ ಕೈಚೆಲ್ಲಿತು. ಆಗ ಸಾಲವೂ ನಮ್ಮದು, ಕುಸಿದ ರಸ್ತೆಯೂ ನಮ್ಮದು. ಅಷ್ಟು ವರ್ಷ ಟೋಲ್ ಕಟ್ಟಿದವರೂ ನಾವೇ.

ಇಷ್ಟಾದರೂ ಕಲ್ಲು ತೆಗೆದು ಮಾರಿದವರ ಹೆಸರು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ. ನಮ್ಮದೇ ರಾಜ್ಯದಲ್ಲಿ ಇದಕ್ಕೆ ಒಂದು ದಾರಿ ಹಾಕಿಕೊಟ್ಟಿದೆ. 2011ರಲ್ಲಿ ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿತು. ಆಮೇಲೆ ಗಣಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಲಾಯಿತು. ಅಕ್ರಮ ಹೆಚ್ಚಿದ್ದ ಸಿ ಗುಂಪಿನ ಗುತ್ತಿಗೆಗಳು 2013ರಲ್ಲಿ ರದ್ದಾದವು. ಉಳಿದವರು ಮತ್ತೆ ಕೆಲಸ ಶುರು ಮಾಡಲು ಪ್ರತಿ ಗಣಿಗೂ ನೆಲ ಸರಿಪಡಿಸುವ ಯೋಜನೆ ಬೇಕೇ ಬೇಕು ಅಂತಾಯಿತು. ಗಣಿಗಾರಿಕೆಯಿಂದ ಬಂದ ಹಣವನ್ನು ಆ ಜಿಲ್ಲೆಗಳ ಪುನಶ್ಚೇತನಕ್ಕೇ ಬಳಸಲು ಪ್ರತ್ಯೇಕ ನಿಗಮವೂ ಆಯಿತು. ಆ ಕೆಲಸ ಹಳ್ಳಿಗಳಲ್ಲಿ ಎಷ್ಟು ನಿಧಾನ ಅನ್ನುವುದು ಬೇರೆ ಜಗಳ. ಆದರೆ ನೆಲ ಕೆಡಿಸಿದವರೇ ಸರಿಪಡಿಸಬೇಕು ಅನ್ನುವ ತತ್ವ ನಿಂತಿತು. ಬೆಂಗಳೂರಿನ ಕ್ವಾರಿಗಳಿಗೆ ಅದು ಯಾಕೆ ಬೇಡ? ಕಾನೂನಿನ ಲೆಕ್ಕದಲ್ಲಿ ಜಲ್ಲಿ ‘ಸಣ್ಣ ಖನಿಜ’ ಇರಬಹುದು, ಗುಂಡಿ ಸಣ್ಣದಲ್ಲ.

ಗಣಿಗಾರಿಕೆಯಿಂದ ತೊಂದರೆಯಾದವರಿಗಾಗಿ ಗಣಿಯವರಿಂದಲೇ ಸಂಗ್ರಹಿಸುವ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಇದೆ, ಅದನ್ನು ರಸ್ತೆಗೆ ಹಾಕೋಣ ಅನ್ನುವವರಿಗೂ ಒಂದು ಮಾತು. 2015ರ ಮಾರ್ಗಸೂಚಿಯಲ್ಲೇ ಕನಿಷ್ಠ 60% ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರದಂಥ ಕೆಲಸಗಳಿಗೆ ಅಂತ ಇತ್ತು. ಅದು ಕ್ವಾರಿಯ ಧೂಳು ಕುಡಿದವರ ಹಣ. ಟೋಲ್ ರಸ್ತೆಯ ತಳಪಾಯಕ್ಕೆ ಅದನ್ನು ಸುರಿಯುವುದನ್ನು ನಾನು ಒಪ್ಪುವುದಿಲ್ಲ.

ಆ ಗುಂಡಿಗಳ ಪಕ್ಕದಲ್ಲಿ ಇವತ್ತಿಗೂ ಜನ ಇದ್ದಾರೆ. ಕಲ್ಲು ಒಡೆಯಲು ಬಂದು ಅಲ್ಲೇ ನೆಲೆ ನಿಂತ ಬೋವಿ ಕುಟುಂಬಗಳು, ತಮಿಳುನಾಡಿನ ಕಡೆಯಿಂದ ಬಂದವರು. ಎಷ್ಟೋ ಮನೆಗೆ ಹಕ್ಕುಪತ್ರ ಇಲ್ಲ. ಖರ್ಚಿಲ್ಲದ ಭೂಮಿ ಅಂತ ಬರೆಯುವಾಗ ಇವರೂ ಲೆಕ್ಕದಿಂದ ಹೊರಗೆ ಹೋಗುತ್ತಾರೆ. ಮಳೆನೀರು ಚೆನ್ನಾಗಿ ನಿಂತಿರುವ ಕ್ವಾರಿಗಳನ್ನು ತುಂಬಿಸುವ ಹಟವೂ ಬೇಡ. ಸುತ್ತ ಗಟ್ಟಿ ಬೇಲಿ ಹಾಕಿ ನೀರಿಗೇ ಬಿಡಿ.

ನಾನು ಕೇಳುವುದು ಇಷ್ಟು. ಟೆಂಡರ್ ಕರೆಯುವ ಮೊದಲು ಗುಂಡಿಯ ಆಳ, ಅದರಲ್ಲಿ ತುಂಬಿದ್ದು ಏನು, ಬೋರ್‌ಹೋಲ್ ರಿಪೋರ್ಟ್ ಎಲ್ಲವನ್ನೂ ಕನ್ನಡದಲ್ಲಿ ಪ್ರಕಟಿಸಿ. ಕಡಿಮೆ ಅಂದರೂ ಎರಡು ಮಳೆಗಾಲ ನೆಲ ಕೂರುವುದನ್ನು ಅಳೆದ ಮೇಲೆ ಡಾಂಬರು ಹಾಕಿ. ನೆಲ ಕುಸಿದರೆ ರಿಪೇರಿಯ ಹೊಣೆ ಒಪ್ಪಂದದ ಕೊನೆಯ ದಿನದವರೆಗೂ ಕಂಪನಿಯದೇ ಇರಲಿ, ಅದಕ್ಕೆ ಬ್ಯಾಂಕ್ ಗ್ಯಾರಂಟಿ ಬೇರೆಯಾಗಿ ಇಡಿಸಿ. ಗುತ್ತಿಗೆ ಪಡೆದು ಕಲ್ಲು ತೆಗೆದವರಿಂದ ತುಂಬಿಸುವ ಖರ್ಚು ವಸೂಲಿ ಮಾಡಿ.

ಹಳೇ ಕ್ವಾರಿಗಳ ಪಕ್ಕದಲ್ಲಿರುವವರು ದಯವಿಟ್ಟು ಒಂದು ಕೆಲಸ ಮಾಡಿ. ಸರ್ಕಾರದ ಭೂನಕ್ಷೆಯ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿ, ಗೂಗಲ್ ಅರ್ತ್‌ನ ಹಳೇ ಚಿತ್ರಗಳಲ್ಲಿ ಅದೇ ಜಾಗ ಹುಡುಕಿ. ಗುಂಡಿ ಯಾವ ವರ್ಷ ಇತ್ತು, ಯಾವ ವರ್ಷ ಮುಚ್ಚಿತು ಅಂತ ಗೊತ್ತಾಗುತ್ತದೆ. ಊರಿನ ಹಿರಿಯರನ್ನು ಕೇಳಿದರೆ ಏನು ತುಂಬಿದರು ಅನ್ನುವುದೂ ಸಿಗುತ್ತದೆ. ಸರ್ವೆ ನಂಬರ್ ಜೊತೆ ಕೆಳಗೆ ಬರೆಯಿರಿ. ಬಾಗಲೂರು, ಆನೇಕಲ್, ತಾವರೆಕೆರೆ ಕಡೆಯವರು ಮೊದಲು ಬರೆದರೆ ಒಳ್ಳೆಯದು. ಒಂದು ನಕ್ಷೆ ಮಾಡಿಡುತ್ತೇನೆ. ಮುಂದೆ ಯಾವ ರಸ್ತೆಗೆ ಆಕ್ಷೇಪಣೆ ಕರೆದರೂ ಅದನ್ನು ಲಗತ್ತಿಸಿ ಕಳಿಸೋಣ.