ಹನ್ನೆರಡು-ಹದಿಮೂರು ತಾರೋ

ಡಲ್ಲಾಸ್‌ನಿಂದ ರಜೆಗೆ ಬಂದಿದ್ದ ತಂಗಿಯ ಮಗ ನಮ್ಮ ಕಾರ್ ಪೋರ್ಚಿನಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ. ನಾನು ಸ್ಕೂಟರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಪಾನಾ ಹುಡುಕುತ್ತಿದ್ದೆ. ಅವನು ಸುಮ್ನೆ ಕಾಫಿ ಕುಡಿದಿದ್ದರೆ ಸಾಕಿತ್ತು. "ಮಾವ, ನಿಮಗೊಂದು ಟೂಲ್ ಟ್ರಾಲಿ ಬೇಕು" ಅಂದುಬಿಟ್ಟ.

ಅರವತ್ತು ದಾಟಿದ ಮೇಲೆ ನಮಗೆ ಏನೇನು ಬೇಕು ಅಂತ ಹೇಳುವವರು ಜಾಸ್ತಿಯಾಗುತ್ತಾರೆ. ವಾಕಿಂಗ್ ಬೇಕು, ಬಿ12 ಬೇಕು, ಎಫ್‌ಡಿ ಬೇಡ, ಮ್ಯೂಚುವಲ್ ಫಂಡ್ ಬೇಕು. ಇದೊಂದು ಬಾಕಿ ಇತ್ತು.

ಪಾನಾ ಸಿಕ್ಕಿತು, ಸಂಪಿನ ಮುಚ್ಚಳದ ಮೇಲೇ ಇತ್ತು. ಅಷ್ಟರಲ್ಲಿ ಅವನು ಫೋನ್ ತೆಗೆದಾಗಿತ್ತು. ಅವನ ಮನೆಯ ಗ್ಯಾರೇಜಿನಲ್ಲಿ ಎರಡು ಕಾರು ನಿಲ್ಲುತ್ತವಂತೆ. ಆದರೆ ಫೋಟೋದಲ್ಲಿ ಎರಡೂ ಕಾರು ಹೊರಗೆ ಬಿಸಿಲಲ್ಲಿ ನಿಂತಿದ್ದವು. ಒಳಗೆ ನೆರಳಲ್ಲಿದ್ದದ್ದು ಟ್ರಾಲಿ. ಕೆಂಪು ಬಣ್ಣ, ಐದು ಡ್ರಾಯರ್, ಮೇಲೆ ಎತ್ತುವ ಮುಚ್ಚಳ. ಅಲ್ಲಿನ ಹಾರ್ಬರ್ ಫ್ರೈಟ್ ಅನ್ನೋ ಅಂಗಡಿಯದು. "ಇದು ಚೀಪ್ ಮಾವ" ಎಂದ. ನಾನು ಮನಸ್ಸಿನಲ್ಲೇ ಡಾಲರನ್ನು ಗುಣಿಸಲು ಹೊರಟು ಅರ್ಧಕ್ಕೇ ಕೈಬಿಟ್ಟೆ. ನಿಜವಾದ ಮೆಕ್ಯಾನಿಕ್‌ಗಳು ತಗೊಳ್ಳೋದು ಸ್ನಾಪ್‌ಆನ್ ಕಂಪನಿಯದಂತೆ. 1920ರಲ್ಲಿ ಮಿಲ್ವಾಕಿಯಲ್ಲಿ ಶುರುವಾದದ್ದು. ಅವರ ವ್ಯಾನು ವಾರವಾರ ಗ್ಯಾರೇಜಿನ ಬಾಗಿಲಿಗೇ ಬರುತ್ತದೆ, ಮೆಕ್ಯಾನಿಕ್‌ಗಳು ಕಂತಿನಲ್ಲಿ ದುಡ್ಡು ಕಟ್ಟುತ್ತಾರೆ. ದೊಡ್ಡ ಪೆಟ್ಟಿಗೆಗಳಿಗೆ ಒಂದು ಕಾರಿನ ಬೆಲೆ. ಕಾರು ರಿಪೇರಿ ಮಾಡುವ ಪಾನಾಗಳನ್ನು ಇಡೋದಕ್ಕೆ ಕಾರಿನಷ್ಟೇ ಬೆಲೆಯ ಪೆಟ್ಟಿಗೆ! ನಾನು ಏನೂ ಹೇಳಲಿಲ್ಲ. ಅವನು ನಮ್ಮ ಮನೆಯ ಅತಿಥಿ.

ಅವನು ವಿಮಾನ ಹತ್ತಿದ. ಟ್ರಾಲಿ ಮಾತ್ರ ನನ್ನ ತಲೆಯಲ್ಲೇ ಉಳಿಯಿತು. ಈ ಥರದ ಮಾತಿನ ತೊಂದರೆಯೇ ಇದು. ಬೇಡ ಅನ್ನಿಸುತ್ತಲೇ ಇರುತ್ತದೆ, ಫೋನಿನಲ್ಲಿ ನೋಡುತ್ತಲೂ ಇರುತ್ತೇವೆ. ನಾವು ಒಮ್ಮೆ ನೋಡಿದರೆ ಫೋನು ನಮ್ಮನ್ನು ಬಿಡಬೇಕಲ್ಲ! ಪೇಪರ್ ಓದೋಣ ಅಂದರೆ ಟ್ರಾಲಿ, ಪಂಚಾಂಗ ನೋಡೋಣ ಅಂದರೆ ಟ್ರಾಲಿ.

ನನ್ನ ಹತ್ತಿರ ಇರುವ ಸಾಮಾನು ಹೇಳಿಬಿಡುತ್ತೇನೆ. ಆರು-ಏಳರಿಂದ (ಒಂದು ತುದಿಯ ಬಾಯಿ ಆರು ಮಿಲಿಮೀಟರ್, ಇನ್ನೊಂದು ತುದಿಯದು ಏಳು) ಇಪ್ಪತ್ತು-ಇಪ್ಪತ್ತೆರಡರವರೆಗೆ ತಪಾರಿಯಾ ಕಂಪನಿಯ ಒಂದು ಪಾನಾ ಸೆಟ್ಟು. ಒಂದು ಕಟಿಂಗ್ ಪ್ಲೇಯರ್, ಒಂದು ಸುತ್ತಿಗೆ, ಎರಡು ಅರ, ನಾಲ್ಕೈದು ಸ್ಕ್ರೂಡ್ರೈವರ್, ಅದರಲ್ಲಿ ಒಂದು ಪೇಂಟ್ ಡಬ್ಬ ತೆಗೆಯೋದಕ್ಕೇ ಮೀಸಲು. ಒಂದು ಡ್ರಿಲ್ ಮೆಷಿನ್. ಆಮೇಲೆ ಯಾವುದಕ್ಕೋ ಬೇಕಾಗಬಹುದು ಅಂತ ಇಟ್ಟುಕೊಂಡ ನಟ್ಟು, ಬೋಲ್ಟು, ವಾಷರ್. ಒಟ್ಟು ಇಪ್ಪತ್ತು ಕೆಜಿ ಆಗುವುದಿಲ್ಲ. ಎಲ್ಲ ಒಂದು ಗೋಣಿಚೀಲದಲ್ಲಿದೆ. ಇದಕ್ಕಿಂತ ಜಾಸ್ತಿ ಬೆಲೆಯ ಗಾಲಿ ಡಬ್ಬ ಬೇಕೇ?

"ಈರುಳ್ಳಿ ಸ್ಟ್ಯಾಂಡ್ ತಗೊಳ್ಳಿ, ಸಾಕು" ಎಂದಳು ನನ್ನ ಹೆಂಡತಿ. ಅಡುಗೆಮನೆಯಲ್ಲಿ ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿ ಇಡುವ ಮೂರು ಅಂತಸ್ತಿನ ಗಾಲಿ ಸ್ಟ್ಯಾಂಡ್ ಇದೆಯಲ್ಲ, ಅದು. ಅದರಲ್ಲಿ ತಪ್ಪೇನೂ ಇಲ್ಲ. ನಮ್ಮ ಬೆಂಗಳೂರಿನ ನಾಗಸಂದ್ರದ ಐಕಿಯಾ ಅಂಗಡಿಯಲ್ಲಿ ಅಂಥದ್ದೇ ಒಂದನ್ನು ಚಂದ ಮಾಡಿ ಇಟ್ಟಿದ್ದಾರೆ. ಅದನ್ನು ಪುಸ್ತಕಕ್ಕೆ, ಗಿಡಕ್ಕೆ, ಪಾನಾಗೆ ಎಲ್ಲದಕ್ಕೂ ಬಳಸುವವರು ಲೋಕದಲ್ಲಿ ತುಂಬಾ ಜನ. ಆದರೆ ಹೆಂಡತಿ ಹೇಳಿದ ಧಾಟಿ ನನಗೆ ಹಿಡಿಸಲಿಲ್ಲ. ನಾನು ಎಸ್‌ಪಿ ರೋಡಿಗೆ ಹೋದೆ.

ಎಸ್‌ಪಿ ರೋಡಿನಲ್ಲಿ ಸಿಗದ ವಸ್ತು ಇಲ್ಲ. ನಿಲ್ಲೋದಕ್ಕೆ ಜಾಗ ಮಾತ್ರ ಇಲ್ಲ. ಒಂದು ಅಂಗಡಿಯಲ್ಲಿ ಡ್ರಾಯರ್ ಇರುವ ಟ್ರಾಲಿ ಒಂದು ಕಾಣಿಸಿತು. "ಇಪ್ಪತ್ತೆರಡು ಗೇಜ್ ಸಾರ್, ಹೆವಿ" ಎಂದ ಅಂಗಡಿಯವ. ಗೇಜಿನ ನಂಬರು ಜಾಸ್ತಿಯಾದಷ್ಟೂ ತಗಡು ತೆಳ್ಳಗಾಗುತ್ತದೆ ಅಂತ ನನಗೆ ಗೊತ್ತಿರಲಾರದು ಅನ್ನೋ ಧೈರ್ಯ ಅವನಿಗೆ. ಹದಿನೆಂಟು ಗೇಜ್ ಅಂದರೆ ಸುಮಾರು 1.2 ಮಿಲಿಮೀಟರ್. ಇಪ್ಪತ್ತೆರಡು ಅಂದರೆ 0.7 ಆಸುಪಾಸು. ಬೆರಳಲ್ಲಿ ಒತ್ತಿದೆ, ಟಪ್ ಅಂತ ಒಳಗೆ ಹೋಗಿ ಟಪ್ ಅಂತ ಹೊರಗೆ ಬಂತು. "ಮುನ್ನೂರು ಕೆಜಿ ತಡೆಯುತ್ತೆ" ಎಂದ. ಇದ್ದಲ್ಲೇ ನಿಂತಿದ್ದರೆ ತಡೆಯಬಹುದು. ತಳ್ಳಿದಾಗ ಮೊದಲು ಕಿತ್ತು ಬರೋದು ಗಾಲಿಯ ಬೋಲ್ಟು ತಗಡಿಗೆ ಸೇರುವ ಜಾಗ. ಅಲ್ಲಿ ಒಳಗಡೆಯಿಂದ ದಪ್ಪ ಪಟ್ಟಿ ಕೊಟ್ಟಿದ್ದಾರಾ ಅಂತ ಬಗ್ಗಿ ನೋಡಿದೆ. ಕೊಟ್ಟಿರಲಿಲ್ಲ. ಎರಡು ಡ್ರಾಯರನ್ನು ಒಟ್ಟಿಗೆ ಪೂರ್ತಿ ಎಳೆದೆ. ಖಾಲಿ ಟ್ರಾಲಿ ನನಗೆ ನಮಸ್ಕಾರ ಮಾಡುವ ಹಾಗೆ ಮುಂದಕ್ಕೆ ಬಾಗಿತು. ಒಳ್ಳೆಯ ಟ್ರಾಲಿಗಳಲ್ಲಿ ಒಂದು ಡ್ರಾಯರ್ ತೆರೆದಿದ್ದರೆ ಇನ್ನೊಂದು ತೆರೆಯದ ಹಾಗೆ ಲಾಕ್ ಇರುತ್ತದೆ. ಅದರ ಬೆಲೆ ಕೇಳಲಿಲ್ಲ.

ಅಂಗಡಿಯವನಿಗೆ ನನ್ನ ಪರೀಕ್ಷೆ ನೋಡಿ ಬೇಸರ ಬಂದಿರಬೇಕು. "ನಿಮ್ಮ ಗ್ಯಾರೇಜಲ್ಲಿ ಎಷ್ಟು ಹುಡುಗರಿದ್ದಾರೆ ಸಾರ್?" ಎಂದು ಕೇಳಿದ.

ಹುಡುಗರು!

ತಿಪಟೂರಿನಲ್ಲಿ ಕೊಬ್ಬರಿ ಮಂಡಿಗಳ ಕಡೆ ಹೋಗುವ ದಾರಿಯಲ್ಲಿ ನಾವು ಉಸ್ತಾದ್ ಅಂತ ಕರೆಯುತ್ತಿದ್ದವರ ಸೈಕಲ್ ಶಾಪ್ ಇತ್ತು. ಎಪ್ಪತ್ತರ ದಶಕದ ಮಾತು. ಒಂದು ತಗಡಿನ ಸೂರು, ಗೋಡೆಗೆ ಒರಗಿಸಿದ ಬಾಡಿಗೆ ಸೈಕಲ್ಲುಗಳು, ಅವುಗಳ ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು. ಓರೆಯಾಗಿ ಕೊಯ್ದ ಎಣ್ಣೆ ಡಬ್ಬಗಳು ಎರಡು. ಒಂದರಲ್ಲಿ ಪಂಕ್ಚರ್ ನೋಡಲು ನೀರು, ಇನ್ನೊಂದರಲ್ಲಿ ಬಾಲ್ಸ್ ತೊಳೆಯಲು ಸೀಮೆಎಣ್ಣೆ. ನೆಲದ ಮೇಲೆ ಬಿಡಿಸಿ ಹಾಸಿದ ಗೋಣಿಚೀಲ, ಅದರ ತುಂಬ ಪಾನಾಗಳು. ಮತ್ತೆ ಒಬ್ಬ ಹುಡುಗ.

ಹುಡುಗ ನನ್ನ ಕ್ಲಾಸಿನವನೇ. ಸ್ಕೂಲು ಬಿಟ್ಟ ಮೇಲೆ ಅಂಗಡಿಗೆ ಬರುತ್ತಿದ್ದ. ಆಮೇಲೆ ಸ್ಕೂಲನ್ನೇ ಬಿಟ್ಟ. ಉಸ್ತಾದ್ ಸೈಕಲ್ಲಿನ ಹಿಂದೆ ಕೂತು, ಕಣ್ಣು ಗಾಲಿಯ ಮೇಲೇ ಇಟ್ಟು, ಬಲಗೈ ಮಾತ್ರ ಹಿಂದಕ್ಕೆ ಚಾಚುತ್ತಿದ್ದರು. "ಹನ್ನೆರಡು-ಹದಿಮೂರು ತಾರೋ." ಮಾತು ಮುಗಿಯುವ ಮೊದಲೇ ಅದು ಅವರ ಅಂಗೈಯಲ್ಲಿ ಇರುತ್ತಿತ್ತು. ಎಷ್ಟೋ ಸಲ ಅವರು ಬಾಯಿ ಬಿಡುತ್ತಲೇ ಇರಲಿಲ್ಲ. ಬೆಂಡ್ ತೆಗೆಯುವಾಗ ಯಾವುದು, ಪೆಡಲ್ ಬಿಚ್ಚುವಾಗ ಯಾವುದು, ಕಟರ್ ಪಿನ್ ಹೊಡೆಯಲು ಯಾವ ಸುತ್ತಿಗೆ, ಎಲ್ಲ ಹುಡುಗನಿಗೆ ಗೊತ್ತು. ಕೈ ಚಾಚಿದರೆ ಸಾಕು.

ಇದನ್ನು ನೋಡೋದಕ್ಕೇ ಅಲ್ಲಿ ಬೆಂಚಿನ ಮೇಲೆ ಕೂರುವವರಿದ್ದರು. ಅವರಲ್ಲಿ ಒಬ್ಬರು ಬ್ಯಾಂಕಿನ ಕ್ಯಾಷಿಯರ್. ನೋಟು ಎಣಿಸುವ ಕೈ, ಹಾಗಾಗಿ ಬೇರೆಯವರ ಕೈಚಳಕದ ಮೇಲೆ ಸ್ವಲ್ಪ ಅಸೂಯೆ. ಒಂದು ಸಂಜೆ ಹುಡುಗನ ಕಣ್ಣಿಗೆ ಕರವಸ್ತ್ರ ಕಟ್ಟಿಸಿದರು. ಗೋಣಿಯ ಮೇಲಿನ ಪಾನಾಗಳನ್ನು ಕಲಸಿದರು. ಒಂದೊಂದೇ ಎತ್ತಿ ಕೈಗೆ ಕೊಡುವುದು, ಅವನು ಸೈಜ್ ಹೇಳುವುದು. ಹೇಳಿದ. ಹತ್ತು-ಹನ್ನೊಂದು, ಹದಿನಾಲ್ಕು-ಹದಿನೈದು, ಎಂಟು-ಒಂಬತ್ತು. ಒಂದೂ ತಪ್ಪಲಿಲ್ಲ. ಬೆಂಚು ಹೋ ಅಂದಿತು. ಆಗ ಕ್ಯಾಷಿಯರ್ ಜೇಬಿನಿಂದ ತಮ್ಮದೇ ಒಂದು ಪಾನಾ ತೆಗೆದರು. ಮನೆಯಿಂದ ತಂದದ್ದು, ಹಳೇ ವಿಲಾಯತಿ ಮಾಲು. ಅದರ ಒಂದು ಬಾಯಿ ಅರ್ಧ ಇಂಚಿನದು. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. ಹದಿಮೂರಕ್ಕೂ ಅದಕ್ಕೂ ಇರುವ ವ್ಯತ್ಯಾಸ ಒಂದು ಉಗುರಿನ ದಪ್ಪವೂ ಇಲ್ಲ.

ಹುಡುಗ ಅದರ ಬಾಯಿಯೊಳಗೆ ಹೆಬ್ಬೆರಳು ಆಡಿಸಿದ. ತಿರುಗಿಸಿ ಇನ್ನೊಂದು ತುದಿಯಲ್ಲೂ ಆಡಿಸಿದ. ಒಮ್ಮೆ ಮೂಸಿದ. "ಇದು ನಮ್ದಲ್ಲ" ಎಂದ.

ಕ್ಯಾಷಿಯರ್ ಎಲ್ಲರಿಗೂ ಟೀ, ಬನ್ನು ಕೊಡಿಸಿದರು. ಉಸ್ತಾದ್ ತಲೆ ಎತ್ತಲಿಲ್ಲ. ಅವರ ಕೈ ಹಿಂದಕ್ಕೆ ಚಾಚಿಕೊಂಡೇ ಇತ್ತು.

ಈ ಕಥೆ ಹೇಳಿದಾಗಲೆಲ್ಲ ನನ್ನ ವಯಸ್ಸಿನವರು "ಆಗಿನ ಹುಡುಗರೇ ಬೇರೆ" ಅಂತ ತಲೆ ಆಡಿಸುತ್ತಾರೆ. ನನಗೆ ಮೈ ಉರಿಯುತ್ತದೆ. ತಪ್ಪು ಪಾನಾ ಕೊಟ್ಟರೆ ಅದೇ ಪಾನಾದಿಂದ ಬೆರಳ ಗೆಣ್ಣಿನ ಮೇಲೆ ಏಟು ಬೀಳುತ್ತಿತ್ತು. ಸೈಜು ಅವನಿಗೆ ಹೆಬ್ಬೆರಳಿನಿಂದ ಗೊತ್ತಾದದ್ದಲ್ಲ, ಗೆಣ್ಣಿನಿಂದ ಗೊತ್ತಾದದ್ದು. ಅದನ್ನೂ ನಾವು ಅದೇ ಬೆಂಚಿನ ಮೇಲೆ ಕೂತು ನೋಡಿದವರೇ. ಆ ಬನ್ನು ಅವನಿಗೂ ಒಂದು ಸಿಕ್ಕಿತೋ ಇಲ್ಲವೋ ಅಂತ ಯಾರಿಗಾದರೂ ನೆನಪಿದೆಯಾ ಕೇಳಿ, ಇರುವುದಿಲ್ಲ. 1986ರಲ್ಲಿ ಬಾಲಕಾರ್ಮಿಕರ ಕಾನೂನು ಬಂತು. 2016ರ ತಿದ್ದುಪಡಿ ಆದಮೇಲೆ ಹದಿನಾಲ್ಕು ತುಂಬದ ಮಕ್ಕಳನ್ನು ಯಾವ ಅಂಗಡಿಯಲ್ಲೂ ಕೆಲಸಕ್ಕೆ ಇಟ್ಟುಕೊಳ್ಳುವ ಹಾಗಿಲ್ಲ. ಆದರೂ ಎಸ್‌ಪಿ ರೋಡಿನವನು ಕೇಳಿದ್ದು "ಎಷ್ಟು ಜನ" ಅಂತಲ್ಲ, "ಎಷ್ಟು ಹುಡುಗರು" ಅಂತ.

ಅಮೆರಿಕದವರಿಗೆ ನಾಲ್ಕು ಗಾಲಿಯ ಟ್ರಾಲಿ ಯಾಕೆ ಬೇಕಾಯಿತು, ನಮ್ಮ ಗ್ಯಾರೇಜುಗಳಿಗೆ ಇಷ್ಟು ವರ್ಷ ಯಾಕೆ ಬೇಕಾಗಲಿಲ್ಲ ಅಂತ ಬಸ್ಸಿನಲ್ಲಿ ವಾಪಸ್ ಬರುವಾಗ ಯೋಚನೆ ಮಾಡುತ್ತಿದ್ದೆ. ಅಷ್ಟರಲ್ಲಿ ಸ್ಟಾಪ್ ಬಂತು.

ಮನೆಗೆ ಬಂದು ಒಂದು ಪ್ರಯೋಗ ಮಾಡಿದೆ. ನಮ್ಮದು ಮೂವತ್ತು-ನಲವತ್ತರ ಸೈಟು. ಗ್ಯಾರೇಜು ಅಂತ ನಾನು ಹೇಳಿಕೊಳ್ಳುವುದು ಕಾರು ನಿಂತು ಮಿಕ್ಕ ಜಾಗವನ್ನು. ಆ ಜಾಗದಲ್ಲಿ ಸಂಪಿನ ಮುಚ್ಚಳ, ಮೀಟರ್ ಬೋರ್ಡು, ಚಪ್ಪಲಿ ಸ್ಟ್ಯಾಂಡು, ಮೇಲಿನ ಮನೆ ಬಾಡಿಗೆಯವರ ಎರಡು ಸ್ಕೂಟರ್. ಗ್ಯಾಸ್ ಸಿಲಿಂಡರ್ ಕೆಳಗಿಡುವ ಗಾಲಿ ಸ್ಟ್ಯಾಂಡ್ ಒಂದು ನಮ್ಮಲ್ಲಿ ಖಾಲಿ ಇತ್ತು. ಅದರ ಮೇಲೆ ಗೋಣಿಚೀಲ ಇಟ್ಟು ಕೈಬಿಟ್ಟೆ. ಮನೆ ಕಟ್ಟಿದ ಮೇಸ್ತ್ರಿ, ತೊಳೆದ ನೀರು ನಿಲ್ಲಬಾರದು ಅಂತ ನೆಲವನ್ನು ಗೇಟಿನ ಕಡೆ ಇಳಿಜಾರು ಮಾಡಿದ್ದಾನೆ. ಬಹಳ ಒಳ್ಳೆಯ ಕೆಲಸಗಾರ. ಚೀಲ ಮೊದಲು ನಿಧಾನಕ್ಕೆ ಹೊರಟಿತು, ಆಮೇಲೆ ಮನಸ್ಸು ಮಾಡಿತು. ಟೈಲ್ಸಿನ ಸಂದಿಯಲ್ಲಿ ಒಂದು ಗಾಲಿ ಸಿಕ್ಕಿ ಅರ್ಧ ಸುತ್ತು ತಿರುಗಿ, ತೆರೆದಿದ್ದ ಗೇಟು ದಾಟಿ, ಬೆಳಗಿನ ರಂಗೋಲಿಯ ನಡುಮಧ್ಯೆ ಹೋಗಿ ನಿಂತಿತು. ಹೆಂಡತಿ ಬಾಗಿಲಲ್ಲಿದ್ದಳು. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಮೂರು ಇಂಚಿನ ಗಾಲಿ ಸಂದಿಗೆ ಸಿಕ್ಕಿಕೊಳ್ಳುತ್ತದೆ, ಐದು ಇಂಚಿನದು ದಾಟುತ್ತದೆ. ಎರಡು ಗಾಲಿ ನೇರ ಇರಬೇಕು, ಹಿಡಿಯ ಕಡೆಯ ಎರಡು ತಿರುಗಬೇಕು, ತಿರುಗುವ ಎರಡಕ್ಕೂ ಬ್ರೇಕ್ ಇರಬೇಕು. ಇವೆಲ್ಲ ನನಗೆ ಈಗ ಬಾಯಿಪಾಠ. ಆದರೆ ದಾಟಿ ಎಲ್ಲಿಗೆ ಹೋಗಬೇಕು? ನನ್ನ ಪೋರ್ಚಿನಲ್ಲಿ ಅದು ಉರುಳಬಹುದಾದ ದೂರ ನಾನು ಎದ್ದು ಕೈ ಚಾಚುವಷ್ಟೇ. ಐದು ಇಂಚಿನ ಗಾಲಿ ಹಾಕಿದರೆ ಇನ್ನೂ ಬೇಗ ಗೇಟು ಮುಟ್ಟುತ್ತದೆ, ಅಷ್ಟೇ ಲಾಭ.

ಕೊನೆಗೆ ನಮ್ಮ ಬೀದಿಯ ತುದಿಯಲ್ಲಿ ಗೇಟು, ಗ್ರಿಲ್ಲು ಮಾಡುವ ವೆಲ್ಡಿಂಗ್ ಅಂಗಡಿಗೆ ಹೋದೆ. ಆ ಹುಡುಗ (ಮೂವತ್ತೈದು ವರ್ಷದವನು, ಇಬ್ಬರು ಮಕ್ಕಳಿದ್ದಾರೆ, ಆದರೂ ನನ್ನ ಬಾಯಲ್ಲಿ ಹುಡುಗನೇ) ನನ್ನ ಚೀಟಿ ನೋಡಿದ. "ಮಾಡೋಣ ಸಾರ್. ಆಂಗ್ಲರ್ ಹಾಕಿ ಮಾಡಿಬಿಡ್ತೀನಿ. ಆನೆ ನಿಂತ್ರೂ ಏನೂ ಆಗಲ್ಲ."

"ಆನೆ ನಿಲ್ಲಲ್ಲಪ್ಪ, ಪಾನಾ ಇಡ್ತೀನಿ" ಎಂದೆ.

"ಇರ್ಲಿ ಸಾರ್, ಗಟ್ಟಿ ಇದ್ರೆ ಒಳ್ಳೇದಲ್ವಾ."

ಇವರಿಗೆ ಕಿಟಕಿ ಗ್ರಿಲ್ಲಿಗೂ ಗೊಂಬೆ ತೊಟ್ಟಿಲಿಗೂ ಒಂದೇ ಕಬ್ಬಿಣ. ಯಾಕೆಂದರೆ ರೇಟು ಕೆಜಿ ಲೆಕ್ಕ. ನನ್ನ ಟ್ರಾಲಿ ನಲವತ್ತು ಕೆಜಿ ತೂಗುತ್ತದೆ ಎಂದು ಅವನು ಸಂತೋಷದಿಂದಲೇ ಹೇಳಿದ. ಬಣ್ಣ ಯಾವುದು ಅಂತ ಕೇಳಿದೆ. ಪಕ್ಕದ ಬೀದಿಯ ಗೇಟಿಗೆ ತಂದದ್ದರಲ್ಲಿ ಮಿಕ್ಕಿದೆಯಂತೆ.

ಇಷ್ಟೆಲ್ಲ ಆದಮೇಲೆ ನಾನು ಧೈರ್ಯ ಮಾಡಿ, "ಗಾಲಿ ಬೇಡ ಬಿಡಪ್ಪ, ಬರೀ ಮೂರು ತಟ್ಟೆ ಮಾಡಿಕೊಡು, ಒಂದು ಮೂಲೆಯಲ್ಲಿ ನಿಲ್ಲಲಿ" ಎಂದೆ. ಖರ್ಚು ಕಡಿಮೆಯಾಗುತ್ತದೆ ಅಂತ ನನ್ನ ಲೆಕ್ಕ.

ಅವನು ಚೀಟಿಯನ್ನು ವಾಪಸ್ ಕೊಟ್ಟ. "ಗಾಲಿ ಇಲ್ಲಾಂದ್ರೆ ಅದು ಟೇಬಲ್ ಸಾರ್. ಅದಕ್ಕೆ ಬೇರೆ ರೇಟು."

"ಎಷ್ಟು?"

"ಐನೂರು ಜಾಸ್ತಿ ಆಗುತ್ತೆ. ಗಾಲಿ ಎಷ್ಟು ಎತ್ತರವೋ ಅಷ್ಟು ಎತ್ತರ ಕಾಲು ಉದ್ದ ಮಾಡ್ಬೇಕಲ್ಲ ಸಾರ್."