ಪತ್ತೆ ಹಚ್ಚಿದ್ರಂತೆ!

ಬೆಳಿಗ್ಗೆ ಬೆಳಿಗ್ಗೆನೇ ತಲೆ ಕೆಟ್ಟೋಯ್ತು. ಯಾರೋ ಕಳ್ಸಿದ ವಿಡಿಯೋದಲ್ಲಿ ಒಬ್ಬ ಹುಡುಗ ಕಣ್ಣರಳಿಸ್ಕೊಂಡು ಹೇಳ್ತಿದಾನೆ, ಪ್ರೊಫೆಸರ್ ಲಾಂಗ್‌ಹೇರ್ ಅನ್ನೋ ಬ್ಲೂಸ್ ಪಿಯಾನಿಸ್ಟ್ 'ಕಳೆದೇ ಹೋಗಿದ್ದ', 1971ರಲ್ಲಿ 'ಪತ್ತೆ ಹಚ್ಚಿದ್ರು' ಅಂತ. ಸ್ವಾಮಿ, ಆತ ಎಲ್ಲಿಗೆ ಹೋಗಿದ್ದ? ಅಮೆರಿಕದ ನ್ಯೂ ಆರ್ಲಿಯನ್ಸ್ ಊರಲ್ಲೇ ಇದ್ದ! ಅಂಗಡಿಯೊಂದ್ರಲ್ಲಿ ಕಸ ಗುಡಿಸ್ಕೊಂಡು, ಮಿಕ್ಕ ಹೊತ್ತು ಇಸ್ಪೀಟಾಡಿ ನಾಲ್ಕು ಕಾಸು ಮಾಡ್ಕೊಂಡು. ಎಂಥಾ ಅಂಗಡಿ ಗೊತ್ತಾ? ರೆಕಾರ್ಡ್ ಅಂಗಡಿ! ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ್ರು ಅಂತಾರಲ್ಲ, ಇಲ್ಲಿ ಹುಡುಕೋಕೂ ಯಾರೂ ಹೋಗಿರ್ಲಿಲ್ಲ.

ಹಾಡಿನ ವಿಷಯಕ್ಕೆ ನಾನು ಜಗಳ ತೆಗೆಯೋದು ನಿಮಗೇನೂ ಹೊಸದಲ್ಲ, ಇವತ್ತೊಂದಿನ ಸಹಿಸ್ಕೊಳಿ. ಲಾಂಗ್‌ಹೇರ್‌ನ ನಿಜವಾದ ಹೆಸರು ಹೆನ್ರಿ ರೋಲಂಡ್ ಬರ್ಡ್, ಲೂಯಿಸಿಯಾನದ ಬೊಗಲೂಸಾದಲ್ಲಿ 1918ರಲ್ಲಿ ಹುಟ್ಟಿದ್ದು, ಚಿಕ್ಕೋನಿದ್ದಾಗ ಬೀದೀಲಿ ಟ್ಯಾಪ್ ಡ್ಯಾನ್ಸ್ ಮಾಡಿ ಚಿಲ್ಲರೆ ಗಳಿಸ್ತಿದ್ದ. ಪಿಯಾನೋ ಕಲಿತದ್ದು ಅಲ್ಲಲ್ಲಿ ಕೀಗಳೇ ಕಿತ್ತೋಗಿದ್ದ ಹಳೇ ಪೆಟ್ಟಿಗೆ ಮೇಲೆ. ಎಡಗೈಯಲ್ಲಿ ರುಂಬಾ ಅನ್ನೋ ಕ್ಯೂಬಾದ ಕುಣಿತದ ತಾಳ, ಬಲಗೈಯಲ್ಲಿ ಉರುಳಿ ಉರುಳಿ ಬರೋ ಬ್ಲೂಸ್, ಎರಡೂ ಜಗಳ ಆಡ್ಕೊಂಡೇ ಒಂದೇ ಮನೇಲಿ ಸಂಸಾರ ಮಾಡೋ ಥರ, ಸಾಲದ್ದಕ್ಕೆ ಪಿಯಾನೋಗೇ ಕಾಲಲ್ಲಿ ಒದ್ದು ತಾಳ! ಫ್ಯಾಟ್ಸ್ ಡೊಮಿನೋ, ಅಲೆನ್ ಟೂಸಾಂಟ್, ಡಾಕ್ಟರ್ ಜಾನ್, ಆ ಊರಿನ ದೊಡ್ಡ ದೊಡ್ಡ ಪಿಯಾನೋದವ್ರೆಲ್ರೂ ಈ ಮನುಷ್ಯನ ಹತ್ರ ಶೈಲಿ ತಗೊಂಡೋರೇ. 1950ರಲ್ಲಿ 'ಬಾಲ್ಡ್ ಹೆಡ್' ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ 5ನೇ ಜಾಗಕ್ಕೆ ಹೋಗಿತ್ತು, ದೇಶ ತಿರುಗಿ ನೋಡಿದ್ದು ಅದೊಂದೇ ಸಲ. ಆದ್ರೆ 1959ರ 'ಗೋ ಟು ದ ಮಾರ್ಡಿ ಗ್ರಾ' ಹಾಡಿಲ್ದೆ ಆ ಊರಲ್ಲಿ ಮಾರ್ಡಿ ಗ್ರಾ ಜಾತ್ರೆನೇ ಆಗಲ್ಲ. ಅಂದ್ರೆ ಊರಿಗೂರೇ ಆತನ ಹಾಡಿಗೆ ಕುಣೀತಿತ್ತು, ಆತ ಪೊರಕೆ ಹಿಡ್ಕೊಂಡಿದ್ದ. ಇದಕ್ಕೆ ಕಳೆದುಹೋಗೋದು ಅಂತಾರಾ?

ಆ ಊರಿನ ಜಾಝ್ ಫೆಸ್ಟಿವಲ್ ನಡೆಸ್ತಿದ್ದ ಕ್ವಿಂಟ್ ಡೇವಿಸ್, ಆಲಿಸನ್ ಮೈನರ್ 1971ರಲ್ಲಿ ಆತನನ್ನ ವೇದಿಕೆಗೆ ಕರ್ಕೊಂಡು ಬರದಿದ್ರೆ ನೀನೆಲ್ಲಿ ಕೇಳ್ತಿದ್ದೆ ಅಂತ ಕಾಮೆಂಟ್ ಹಾಕೋರು ಇದ್ದೇ ಇರ್ತೀರ. ನಿಜ, ಅವರಿಬ್ರಿಗೂ ದೊಡ್ಡ ನಮಸ್ಕಾರ. ಆದ್ರೂ ಅದು ಪತ್ತೆ ಅಲ್ಲ ಕಣ್ರೀ, ನಾಚಿಕೆಗೆಟ್ಟಷ್ಟು ತಡವಾಗಿ ಆದ ಜ್ಞಾಪಕ. ಆಮೇಲೆ 1977ರಲ್ಲಿ ಆತನ 'ಟಿಪಿಟೀನಾ' ಹಾಡಿನ ಹೆಸ್ರಲ್ಲೇ ಒಂದು ಕ್ಲಬ್ ಶುರುವಾಯ್ತು, ಇನ್ನೇನು ಕಾಲ ಬಂತು ಅನ್ನೋವಾಗ 1980ರ ಜನವರೀಲಿ ನಿದ್ದೇಲೇ ಹೋಗ್ಬಿಟ್ಟ. ಗ್ರ್ಯಾಮಿ, 1992ರ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ, ಎಲ್ಲಾ ತಿಥಿ ಊಟ.

ಇಷ್ಟೆಲ್ಲಾ ಕೂಗಾಡಿದ್ಮೇಲೆ ಒಂದು ಒಪ್ಕೋಬೇಕು. ನಾನೂ ಡಾಕ್ಟರ್ ಜಾನ್ ಕೇಳಿ ಆಮೇಲೆ ಇತ್ತ ಬಂದೋನು, ನಾಲ್ಕು ವರ್ಷದ ಹಿಂದೆ ಇದೇ ವಾಲ್ ಮೇಲೆ 'ಯಾರಿಗೂ ಗೊತ್ತಿಲ್ಲದ ಒಬ್ಬನನ್ನ ಹುಡುಕಿದೀನಿ' ಅಂತ ಮೂರು ಬೆಂಕಿ ಎಮೋಜಿ ಹಾಕಿ ಬರ್ದಿದ್ದೆ. ಈಗಷ್ಟೇ ಡಿಲೀಟ್ ಮಾಡಿ ಬಂದೆ. ಸ್ಕ್ರೀನ್‌ಶಾಟ್ ಇಟ್ಕೊಂಡಿರೋರು ದಯವಿಟ್ಟು ಸುಮ್ನಿರಿ.