ಬರೋ ಮುಂಚೆ ಕುಡಿದ್ರಾ, ಬಂದ ಮೇಲೆ ಕುಡಿದ್ರಾ?

ನನಗೆ ವರ್ಷಕ್ಕೆ ಮೂರ್ನಾಲ್ಕು ಸಲ ಮೂತ್ರದ ಸೋಂಕು ಆಗುತ್ತಿದ್ದ ಕಾಲವೊಂದಿತ್ತು. ಆಂಟಿಬಯೋಟಿಕ್ ನುಂಗಿ ನುಂಗಿ ಸಾಕಾಗಿಹೋಗಿತ್ತು. ಒಂದು ಸಲ ಉರಿ ಶುರುವಾದ ದಿನವೇ, ಈ ಬಾರಿ ಮಾತ್ರೆ ಮುಟ್ಟೋದಿಲ್ಲ ಅಂತ ಹಟ ಹಿಡಿದೆ. ಕ್ರ್ಯಾನ್‌ಬೆರಿ ಎಂಬ ಹುಳಿ ಹಣ್ಣಿನ ಜ್ಯೂಸು ಒಳ್ಳೆಯದು ಅಂತ ಎಲ್ಲೆಲ್ಲೋ ಓದಿದ್ದೆ. ಬಾಟಲಿಗಟ್ಟಲೆ ಕುಡಿದೆ. ಎರಡನೇ ದಿನ ಉರಿ ಸ್ವಲ್ಪ ಇಳಿಯಿತು. ಗೆದ್ದೆ ಅಂದುಕೊಂಡೆ.

ನಾಲ್ಕನೇ ದಿನ ರಾತ್ರಿ ಚಳಿ ಹತ್ತಿತು. ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದ ಲೋಟದ ನೀರು ಹೊದಿಕೆ ಮೇಲೆಲ್ಲ ಚೆಲ್ಲಿತು, ಅಂಥ ನಡುಕ. ಬಲಗಡೆ ಪಕ್ಕೆಲುಬಿನ ಕೆಳಗೆ, ಬೆನ್ನಲ್ಲಿ, ಯಾರೋ ಮುಷ್ಟಿ ಒತ್ತಿ ಹಿಡಿದ ಹಾಗೆ ನೋವು. ಸೋಂಕು ಮೂತ್ರಕೋಶದಿಂದ ಮೇಲೇರಿ ಕಿಡ್ನಿ ಮುಟ್ಟಿತ್ತು.

ಡಾಕ್ಟರು ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು. "ಸೋಂಕು ಬರೋ ಮುಂಚೆ ಜ್ಯೂಸು ಕುಡೀತಿದ್ರಾ, ಬಂದ ಮೇಲೆ ಶುರು ಮಾಡಿದ್ರಾ?"

"ಬಂದ ಮೇಲೆ."

"ಅದಕ್ಕೇ."

ಆ "ಅದಕ್ಕೇ" ತಲೆಯಲ್ಲಿ ಕೂತುಬಿಟ್ಟಿತು. ಜ್ವರ ಬಿಟ್ಟ ಮೇಲೆ ಓದೋಕೆ ಕೂತೆ. ಈ ಸೋಂಕನ್ನು ಹೆಚ್ಚಾಗಿ ತರೋದು ಇ. ಕೋಲೈ ಎಂಬ ಬ್ಯಾಕ್ಟೀರಿಯಾ. ಅದರ ಮೈಮೇಲೆ ಕೂದಲಿನಂಥ ಎಳೆಗಳಿವೆ. ಅವುಗಳಿಂದಲೇ ಮೂತ್ರಕೋಶದ ಗೋಡೆಗೆ ಅಂಟಿಕೊಳ್ಳುತ್ತದೆ. ಕ್ರ್ಯಾನ್‌ಬೆರಿಯಲ್ಲಿರುವ ಒಂದು ಬಗೆಯ ಸಂಯುಕ್ತಗಳು ಈ ಅಂಟುವ ಕೆಲಸಕ್ಕೆ ಅಡ್ಡಿ ಮಾಡುತ್ತವೆ. ಆಗಲೇ ಅಂಟಿ, ಸಂಸಾರ ಹೂಡಿ, ಲಕ್ಷಗಟ್ಟಲೆ ಆದ ಮೇಲೆ ಜ್ಯೂಸು ತಾನೇ ಏನು ಮಾಡೀತು?

ವೈದ್ಯಕೀಯ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಅಳೆಯುವ ಕಾಕ್ರೇನ್ ಎಂಬ ಸಂಸ್ಥೆ ಇದೆ. 2012ರಲ್ಲಿ ಅವರು ಕ್ರ್ಯಾನ್‌ಬೆರಿಯಿಂದ ಹೇಳಿಕೊಳ್ಳುವಂಥ ಲಾಭ ಇಲ್ಲ ಅಂದಿದ್ದರು. 2023ರಲ್ಲಿ 50 ಪ್ರಯೋಗ, ಸುಮಾರು 8,900 ಜನರ ಲೆಕ್ಕ ನೋಡಿ ಮಾತು ಬದಲಿಸಿದರು. ಪದೇ ಪದೇ ಸೋಂಕಾಗುವ ಹೆಂಗಸರಲ್ಲಿ ಅಪಾಯ ಕಾಲುಭಾಗದಷ್ಟು ಕಡಿಮೆ. ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಡಿಮೆ. ಆದರೆ ಆರೈಕೆ ಕೇಂದ್ರಗಳಲ್ಲಿರುವ ವಯಸ್ಸಾದವರಿಗೆ, ಗರ್ಭಿಣಿಯರಿಗೆ ಪ್ರಯೋಜನ ಕಾಣಲಿಲ್ಲ. ಮತ್ತೆ ಇದೆಲ್ಲ ತಡೆಯೋದರ ಮಾತು, ವಾಸಿ ಮಾಡೋದರ ಮಾತಲ್ಲ. ಹತ್ತು ವರ್ಷ ಬಿಟ್ಟು "ನಾವು ಅಂದಿದ್ದು ಸರಿ ಇರಲಿಲ್ಲ" ಅಂತ ಒಪ್ಪಿಕೊಳ್ಳೋರನ್ನು ಕಂಡರೆ ನನಗೆ ನಂಬಿಕೆ ಜಾಸ್ತಿ ಆಗುತ್ತದೆ.

ಎರಡನೇ ದಿನ ಉರಿ ಇಳಿದಿತ್ತಲ್ಲ, ಅದು ಯಾಕೆ? ಜರ್ಮನಿಯಲ್ಲಿ 2015ರಲ್ಲಿ ಹೊರಬಂದ ಒಂದು ಪ್ರಯೋಗದಲ್ಲಿ, ಮೂತ್ರದ ಸೋಂಕಾದ ಕೆಲವು ಹೆಂಗಸರಿಗೆ ಮೊದಲು ಬರೀ ನೋವಿನ ಮಾತ್ರೆ ಐಬುಪ್ರೊಫೆನ್ ಕೊಟ್ಟು ನೋಡಿದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಆಂಟಿಬಯೋಟಿಕ್ ಇಲ್ಲದೇ ಚೇತರಿಸಿಕೊಂಡರು. ಕಿಡ್ನಿಗೆ ಏರಿದ ಸೋಂಕು ಮಾತ್ರ, ನೇರ ಆಂಟಿಬಯೋಟಿಕ್ ತಗೊಂಡವರಿಗಿಂತ ಆ ಗುಂಪಿನಲ್ಲೇ ಸ್ವಲ್ಪ ಜಾಸ್ತಿ ಕಂಡಿತು. ಅಂದರೆ ನಾನು ಆ ಎರಡು ಪಾಲಿನಲ್ಲಿ ಬಿದ್ದಿದ್ದರೆ ಇವತ್ತು ಇಲ್ಲಿ "ಜ್ಯೂಸಿನಿಂದಲೇ ವಾಸಿ ಮಾಡಿಕೊಂಡೆ, ನನ್ನ ಅನುಭವ" ಅಂತ ಬರೆಯುತ್ತಿದ್ದೆ. ಸುಳ್ಳು ಹೇಳುವ ಉದ್ದೇಶವಿಲ್ಲದೆ, ಮನಸಾರೆ. ನೀವೂ ಶೇರ್ ಮಾಡುತ್ತಿದ್ರಿ ಅಲ್ವಾ?

ಡಿ-ಮ್ಯಾನೋಸ್ ಅಂತ ಒಂದು ಸಕ್ಕರೆಯೂ ಇದೇ ತರ್ಕದ ಮೇಲೆ ಮಾರಾಟವಾಗುತ್ತದೆ. ಬ್ಯಾಕ್ಟೀರಿಯಾ ಗೋಡೆ ಬಿಟ್ಟು ಸಕ್ಕರೆಗೆ ಅಂಟಿಕೊಂಡು ಹೊರಗೆ ಹೋಗುತ್ತದಂತೆ. ಕೇಳೋಕೆ ಎಷ್ಟು ಚೆನ್ನಾಗಿದೆ! ಬ್ರಿಟನ್ನಿನಲ್ಲಿ 598 ಹೆಂಗಸರಿಗೆ ಆರು ತಿಂಗಳು ಕೊಟ್ಟು ನೋಡಿದರು, 2024ರಲ್ಲಿ ಫಲಿತಾಂಶ ಬಂತು. ಮತ್ತೆ ಸೋಂಕಿನ ಲಕ್ಷಣ ಅಂತ ಡಾಕ್ಟರ ಹತ್ತಿರ ಹೋದವರು ಆ ಗುಂಪಿನಲ್ಲಿ ನೂರಕ್ಕೆ 51, ಹೋಲಿಕೆಗಾಗಿ ಬೇರೆ ಸಕ್ಕರೆ ತಿಂದವರಲ್ಲಿ ನೂರಕ್ಕೆ 56. ಗಣನೆಗೆ ಬರುವ ವ್ಯತ್ಯಾಸವೇ ಅಲ್ಲ.

ಇಷ್ಟು ಓದಿದ ಮೇಲೆ ನನಗೊಂದು ಚಟ ಹತ್ತಿದೆ. ಯಾರೇ ಮದ್ದು ಹೇಳಲಿ, ಅದರ ಬಾಲದಲ್ಲಿ "ಆದರೆ" ಇದೆಯಾ ಅಂತ ನೋಡುತ್ತೇನೆ. ಪುರಾವೆ ಇರುವ ಮದ್ದಿಗೆ ಅದು ಇದ್ದೇ ಇರುತ್ತದೆ. ಜೇನುತುಪ್ಪ ಮಕ್ಕಳ ಕೆಮ್ಮನ್ನು ಕಡಿಮೆ ಮಾಡುತ್ತದೆ, ಸುಮ್ಮನೆ ಬಿಡೋದಕ್ಕಿಂತ ಮೇಲು. ಆದರೆ ಒಂದು ವರ್ಷದೊಳಗಿನ ಕೂಸಿಗೆ ಕೊಡಲೇಬಾರದು, ಬಾಟುಲಿಸಂ ಎಂಬ ಮಾರಕ ವಿಷಬಾಧೆಯ ಭಯ. ಅದೇ ಜೇನಿನ ಪಟ್ಟಿ ಕಟ್ಟಿದರೆ ತೀರಾ ಆಳವಲ್ಲದ ಸುಟ್ಟ ಗಾಯ ನಾಲ್ಕೈದು ದಿನ ಬೇಗ ಮಾಯುತ್ತದೆ. ಆದರೆ ಅದು ಗಾಯಕ್ಕೆಂದೇ ಶುದ್ಧ ಮಾಡಿದ ಜೇನು, ಕಪಾಟಿನ ಡಬ್ಬಿಯದ್ದಲ್ಲ. ವಿಟಮಿನ್ ಸಿ ದಿನಾ ತಿಂದರೆ ನೆಗಡಿ ಬರೋದು ತಪ್ಪೋದಿಲ್ಲ, ಬಂದದ್ದು ದೊಡ್ಡವರಲ್ಲಿ ಶೇಕಡಾ 8ರಷ್ಟು ಬೇಗ ಹೋಗುತ್ತದೆ, ಅಷ್ಟೇ. ಮೂಗು ಸೋರೋಕೆ ಶುರುವಾದ ಮೇಲೆ ನುಂಗಿದರೆ ಆ ಲಾಭವೂ ಖಾತ್ರಿ ಇಲ್ಲ.

ಬೆಳ್ಳುಳ್ಳಿ ಮತ್ತು ನೆಗಡಿ ಬಗ್ಗೆ ಕಾಕ್ರೇನ್‌ಗೆ ಪರವಾಗಿಲ್ಲ ಅನ್ನಿಸಿದ್ದು ಒಂದೇ ಒಂದು ಪ್ರಯೋಗ. 146 ಜನ, 12 ವಾರ. ಬೆಳ್ಳುಳ್ಳಿ ಗುಂಪಿನಲ್ಲಿ 24 ನೆಗಡಿ, ಹುಸಿ ಮಾತ್ರೆಯವರಲ್ಲಿ 65. ಭಾರೀ ವ್ಯತ್ಯಾಸ ನಿಜ, ಆದರೆ ಇನ್ನೊಬ್ಬರು ಮಾಡಿ ತೋರಿಸಬೇಕಲ್ಲ. (ತೇಗು ಬಂದಾಗಲೇ ತಮಗೆ ಯಾವ ಮಾತ್ರೆ ಸಿಕ್ಕಿದೆ ಅಂತ ಗೊತ್ತಾಗಿರಲ್ವಾ ಅನ್ನೋದು ನನ್ನ ಅನುಮಾನ.) ಬೆಳ್ಳುಳ್ಳಿ ಮಾತ್ರೆ ತಿಂದವರ ರಕ್ತದಲ್ಲಿ ಸಾಕ್ವಿನಾವಿರ್ ಎಂಬ ಎಚ್‌ಐವಿ ಔಷಧ ಅರ್ಧಕ್ಕಿಳಿದ ದಾಖಲೆ ಇದೆ. ಸೈಡ್ ಎಫೆಕ್ಟ್ ಇಲ್ಲ ಅನ್ನೋರು ಇದನ್ನು ಹೇಳೋದೇ ಇಲ್ಲ.

ಇನ್ನು "ಎಲ್ಲ ನಾಟಿ ಮದ್ದೂ ಬೂಟಾಟಿಕೆ" ಅಂತ ನಗುವವರ ಜೊತೆಯೂ ನನ್ನ ಜಗಳ ಇದೆ. ಚೀನಾದ ವಿಜ್ಞಾನಿ ತು ಯೂಯೂ ಅವರ ಕಥೆ ನೋಡಿ. ಮಲೇರಿಯಾಕ್ಕೆ ಔಷಧ ಹುಡುಕುತ್ತಾ ಅವರ ತಂಡ ಹಳೆಯ 2,000ಕ್ಕೂ ಹೆಚ್ಚು ಮದ್ದುಗಳನ್ನು ಜಾಲಾಡಿತು. ಚಿಂಗ್‌ಹಾವ್ ಎಂಬ ಗಿಡ ಒಮ್ಮೆ ಕೆಲಸ ಮಾಡುತ್ತಿತ್ತು, ಒಮ್ಮೆ ಇಲ್ಲ. ನಾಲ್ಕನೇ ಶತಮಾನದ ವೈದ್ಯ ಗೆ ಹಾಂಗ್ ಬರೆದಿಟ್ಟ ಒಂದು ಸಾಲನ್ನು ಅವರು ಮತ್ತೆ ಓದಿದರು. ಒಂದು ಹಿಡಿ ಸೊಪ್ಪನ್ನು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿ. ಕುದಿಸು ಅಂತ ಎಲ್ಲೂ ಇಲ್ಲ! ಬಿಸಿಯೇ ಸತ್ವ ಕೆಡಿಸುತ್ತಿದೆ ಅಂತ ಅವರಿಗೆ ಹೊಳೆಯಿತು. ಕಡಿಮೆ ಬಿಸಿಯಲ್ಲಿ ಈಥರ್ ಎಂಬ ದ್ರಾವಕ ಬಳಸಿ ಸಾರ ತೆಗೆದರು. 1971ರಲ್ಲಿ ಅದು ಇಲಿಗಳಲ್ಲಿ ಮಲೇರಿಯಾ ಪರಾವಲಂಬಿಯನ್ನು ಪೂರ್ತಿ ಅಳಿಸಿತು. ಮರುವರ್ಷ ರೋಗಿಗಳಿಗೆ ಕೊಡುವ ಮೊದಲು ತಾವೇ ಕುಡಿದು ನೋಡಿದರು. 2015ರಲ್ಲಿ ನೊಬೆಲ್ ಬಂತು.

ಈ ಕಥೆಯನ್ನು ಎಲ್ಲರೂ ಅರ್ಧಕ್ಕೇ ನಿಲ್ಲಿಸುತ್ತಾರೆ. ಉಳಿದರ್ಧ ಏನೆಂದರೆ, ಅದೇ ಗಿಡದ ಎಲೆಯ ಚಹಾ ಮಲೇರಿಯಾಕ್ಕೆ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಲ್ಲಿ ಔಷಧದ ಅಂಶ ಕಡಿಮೆ, ಪ್ರಮಾಣವೂ ಒಂದೇ ಸಮ ಇರಲ್ಲ. ಅರೆಬರೆ ಪೆಟ್ಟು ತಿಂದ ಪರಾವಲಂಬಿ ಔಷಧಕ್ಕೇ ಬಗ್ಗದ ಹಾಗೆ ಆಗಬಹುದು. ಗಿಡ ಅದೇ, ಒಂದು ರೂಪದಲ್ಲಿ ನೊಬೆಲ್, ಇನ್ನೊಂದು ರೂಪದಲ್ಲಿ ಅಪಾಯ.

ನಾನು ಈಗಲೂ ಕ್ರ್ಯಾನ್‌ಬೆರಿ ತಗೊಳ್ಳುತ್ತೇನೆ, ಸೋಂಕು ಇಲ್ಲದಾಗ. ಉರಿ ಶುರುವಾದರೆ ಅದೇ ದಿನ ಮೂತ್ರ ಪರೀಕ್ಷೆಗೆ ಕೊಡುತ್ತೇನೆ.

ನಿನ್ನೆ ನೆಂಟರೊಬ್ಬರು ಬೆಳ್ಳಿ ನೀರಿನ ವಿಡಿಯೋ ಕಳಿಸಿದ್ದರು. ಬೆಳ್ಳಿಯ ಕಣ ಬೆರೆಸಿದ ನೀರು, ವೈರಸ್ಸು, ಬ್ಯಾಕ್ಟೀರಿಯಾ, ಶಿಲೀಂಧ್ರ ಎಲ್ಲಕ್ಕೂ ರಾಮಬಾಣವಂತೆ. ಕುಡಿಯುತ್ತಾ ಹೋದರೆ ಚರ್ಮ ಶಾಶ್ವತವಾಗಿ ನೀಲಿ ಬೂದು ಬಣ್ಣಕ್ಕೆ ತಿರುಗಬಹುದು, ಅದಕ್ಕೆ ಆರ್ಜಿರಿಯಾ ಅನ್ನುತ್ತಾರೆ ಅಂತ ಬರೆಯೋಕೆ ಹೊರಟವಳು ಅಳಿಸಿದೆ. ಬದಲಿಗೆ ಡಾಕ್ಟರ ಪ್ರಶ್ನೆಯನ್ನೇ ಕೇಳಿದೆ. "ಇದು ಯಾವ ಸೋಂಕಿಗೆ? ಬರೋ ಮುಂಚೆ ಕುಡೀಬೇಕಾ, ಬಂದ ಮೇಲಾ?"

ಎರಡು ನಿಮಿಷದಲ್ಲಿ ಉತ್ತರ ಬಂತು. "ಎಲ್ಲದಕ್ಕೂ. ಯಾವಾಗ ಬೇಕಾದ್ರೂ." ಪಕ್ಕದಲ್ಲಿ ಎರಡು ಕೈ ಮುಗಿದ ಇಮೋಜಿ.